ಕತ್ತಿಗೊಂದು ಒರೆ, ಕೈಗೊಂದು ಕಸುಬು

ಆಗಸ್ಟ್ ತಿಂಗಳ ಮಳೆ. ಮೂಡಿಗೆರೆ ಪೇಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಕ್ಯಾಮೆರಾ ಬ್ಯಾಗಿನ ಬಾರು ಕಿತ್ತುಬಂತು. ರಸ್ತೆ ಬದಿಯಲ್ಲಿ ಟಾರ್ಪಾಲಿನ ಕೆಳಗೆ ಕೂತಿದ್ದ ಅಜ್ಜನ ಹತ್ತಿರ ಹೋದೆ. ಅವರು ಬಾರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಹೊಲಿಗೆ ನಿಲ್ಲಲ್ಲ ಮಾರಾಯ್ರೆ. ಹೊಲಿದ್ರೆ ಮತ್ತೆ ಅಲ್ಲೇ ಹರಿಯುತ್ತೆ. ರಿವೆಟ್ ಹೊಡಿಬೇಕು" ಅಂದರು.

ಹಳೆಯ ಬೆಲ್ಟಿನ ತುಂಡೊಂದನ್ನು ಕತ್ತರಿಸಿ ಹರಿದ ಜಾಗದ ಹಿಂದೆ ಇಟ್ಟರು. ಎರಡು ತೂತು ಹಾಕಿದರು. ತಾಮ್ರದ ಎರಡು ಮೊಳೆ ತೂರಿಸಿ, ಹಿಂಬದಿಗೆ ಬಿಲ್ಲೆ ಕೂರಿಸಿ, ಸುತ್ತಿಗೆಯಿಂದ ಸಣ್ಣಗೆ ತಟ್ಟಿದರು. ಐದು ನಿಮಿಷದ ಕೆಲಸ, 40 ರೂಪಾಯಿ. ಬ್ಯಾಗಿನ ಉಳಿದ ಭಾಗವೆಲ್ಲ ಹಾಳಾಗಿದೆ, ಆ ಜಾಗ ಮಾತ್ರ ಇನ್ನೂ ಗಟ್ಟಿಯಾಗಿದೆ.

ಅಷ್ಟರಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ಬೈಕ್ ನಿಲ್ಲಿಸಿ, ಇಳಿಯದೆ, ಶೂ ಒಂದನ್ನು ಅವರ ಮುಂದೆ ಎಸೆದ. "ಏಯ್, ಇದನ್ನ ಬೇಗ ಹೊಲಿ" ಅಂದ. ಅಜ್ಜನಿಗೆ ಎಪ್ಪತ್ತು ದಾಟಿರಬೇಕು. ಅವರು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆವತ್ತು ಸುಮ್ಮನಿದ್ದದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಈ ಬರಹಕ್ಕೆ ಅದೂ ಒಂದು ಕಾರಣ.

"ಈ ಕೆಲಸ ಯಾರಿಗಾದ್ರೂ ಕಲಿಸಿದ್ದೀರಾ ಅಜ್ಜ?" ಅಂತ ಕೇಳಿದೆ.

"ಮಗ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದಾನೆ. ಮೊಮ್ಮಗ ಓದ್ತಾನೆ. ಕಲಿಸಲಿಲ್ಲ ಸರ್, ಕಲಿಸೋಕೆ ಮನಸ್ಸೂ ಬರಲಿಲ್ಲ. ಈಗ ನೋಡಿದ್ರಲ್ಲ" ಅಂದರು.

ಕಲಿಸಲು ಮನಸ್ಸು ಬರಲಿಲ್ಲ ಅಂದದ್ದರಲ್ಲಿ ಅವರ ತಪ್ಪೇನೂ ಇಲ್ಲ, ತಪ್ಪು ನಮ್ಮದು. ಆದರೆ ಇದರಿಂದ ಆಗುತ್ತಿರುವ ನಷ್ಟ ಅವರೊಬ್ಬರದಲ್ಲ, ಈ ಕಾಫಿ ಬೆಟ್ಟಗಳಲ್ಲಿ ಕೈಯಲ್ಲಿ ಆಯುಧ ಹಿಡಿದು ದುಡಿಯುವ ಎಲ್ಲರದ್ದು. ಚರ್ಮದ ಕೆಲಸವನ್ನು ನಮ್ಮ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದಲ್ಲಿ ಜಾತಿ ಕೇಳದೆ ಯಾರಿಗೆ ಬೇಕೋ ಅವರಿಗೆ ಕಲಿಸಬೇಕು. ಕಲಿಸುವವರು ಈ ಅಜ್ಜನಂಥವರೇ ಆಗಬೇಕು, ಅವರಿಗೆ ಮೇಷ್ಟರ ಸಂಬಳ ಮತ್ತು ಮೇಷ್ಟರ ಮರ್ಯಾದೆ ಎರಡೂ ಸಿಗಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ನಮಗೆ ಇದರ ಅಗತ್ಯ ಎಲ್ಲಿದೆ?

ಬೆಳಿಗ್ಗೆ ತೋಟಕ್ಕೆ ಹೋಗುವ ಜೀಪು, ಪಿಕಪ್ ನೋಡಿ. ಹತ್ತು ಹನ್ನೆರಡು ಜನ ಒತ್ತಿಕೊಂಡು ನಿಂತಿರುತ್ತಾರೆ. ಅರ್ಧ ಜನರ ಕೈಯಲ್ಲಿ ಕತ್ತಿ, ಚಿಗುರು ತೆಗೆಯುವ ಕತ್ತರಿ, ಗರಗಸ. ಬಹಳಷ್ಟಕ್ಕೆ ಒರೆಯೇ ಇಲ್ಲ. ಕೆಲವರು ಗೊಬ್ಬರದ ಚೀಲ ಸುತ್ತಿರುತ್ತಾರೆ, ಕೆಲವರು ಪಿವಿಸಿ ಪೈಪ್ ಸೀಳಿ ತೂರಿಸಿರುತ್ತಾರೆ. ಹಿರಿಯರು ಸೊಂಟಕ್ಕೆ ಮರದ ಕೊಕ್ಕೆ ಕಟ್ಟಿ ಅದಕ್ಕೆ ಕತ್ತಿ ಸಿಕ್ಕಿಸುತ್ತಾರೆ. ಆ ಕೊಕ್ಕೆ ಒಳ್ಳೆಯದೇ, ಆದರೆ ಅದರಲ್ಲಿ ಅಲಗು ಬರಿದಾಗಿಯೇ ಇರುತ್ತದೆ. ಜೀಪು ಗುಂಡಿಗೆ ಹಾರಿದಾಗ ಯಾರ ತೊಡೆಗೆ ಏನು ತಾಗುತ್ತದೋ ಹೇಳಲಾಗದು.

ಕಾಳು ಮೆಣಸು ಕೊಯ್ಯಲು ಏಣಿ ಹತ್ತುವವರಿಗೆ, ಸಿಲ್ವರ್ ಮರದ ಕೊಂಬೆ ಕಡಿಯುವವರಿಗೆ ಎರಡು ಕೈಯೂ ಖಾಲಿ ಬೇಕು. ಹುಲ್ಲು ಹೊಡೆಯುವ ಮಷಿನ್ನಿನ ಹೆಗಲ ಬಾರು ಒಂದು ಸೀಸನ್ನಿಗೆ ಹರಿಯುತ್ತದೆ. ಮಷಿನ್ ಚೆನ್ನಾಗಿದ್ದರೂ ಬಾರು ಹೋಯಿತೆಂದು ಹೊಸ ಸೆಟ್ ತರಿಸುವವರನ್ನು ನೋಡಿದ್ದೇನೆ. ಆನ್‌ಲೈನಿನಲ್ಲಿ ಸಿಗುವ ನೈಲಾನ್ ಚೀಲಗಳು ಬೇರೆ ದೇಶದ ಕತ್ತರಿಗೆ ಹೊಂದುವಂಥವು, ನಮ್ಮ ಕಮ್ಮಾರರು ಬಡಿದ ಕತ್ತಿಯ ಬಾಗಿಗೆ ಅವು ಹೊಂದುವುದಿಲ್ಲ.

ಅಳತೆ ತೆಗೆದು ಆ ಕತ್ತಿಗೇ ಒರೆ ಮಾಡಿಕೊಡುವವರು ಊರಿನಲ್ಲೇ ಬೇಕು. ಕತ್ತಿ ಬಡಿಯುವ ಕುಲುಮೆ ಇನ್ನೂ ಅಲ್ಲಲ್ಲಿ ಉಳಿದಿದೆ. ಅದಕ್ಕೆ ಒರೆ ಹೊಲಿಯುವವರು ಮಾತ್ರ ಇಲ್ಲವಾಗಿದ್ದಾರೆ.

ರಿವೆಟ್ ಅಂದರೆ ಏನು?

ನೀವು ಹಾಕಿರುವ ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆ ನೋಡಿ. ಸಣ್ಣ ತಾಮ್ರದ ಗುಂಡಿಯೊಂದು ಒತ್ತಿರುತ್ತದೆ. ಅದು ಅಂದಕ್ಕೆ ಇಟ್ಟದ್ದಲ್ಲ. ಅಮೆರಿಕದ ನೆವಾಡಾದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಕೂಲಿ ಕೆಲಸದವರ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತದೆ ಅಂತ ದೂರು ಬಂದಾಗ, ಎಳೆತ ಬೀಳುವ ಮೂಲೆಗೆ ರಿವೆಟ್ ಹೊಡೆದ. 1873ರ ಮೇ 20ರಂದು ಅವನಿಗೂ ಲೀವೈ ಸ್ಟ್ರಾಸ್ ಎಂಬ ವ್ಯಾಪಾರಿಗೂ ಅದರ ಪೇಟೆಂಟ್ ಸಿಕ್ಕಿತು. ಜಗತ್ತಿನ ದೊಡ್ಡ ಬಟ್ಟೆ ವ್ಯಾಪಾರವೊಂದು ಹುಟ್ಟಿದ್ದು ಹೀಗೆ, ಕೂಲಿಯವರ ಹರಿದ ಜೇಬಿನಿಂದ.

ತಾಮ್ರದ ರಿವೆಟ್ ಹೊಡೆಯುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು, ಕೈ ಕುದುರಲು ಮಾತ್ರ ತಿಂಗಳುಗಳು ಬೇಕು. ಮೊಳೆಯ ದಪ್ಪಕ್ಕೆ ಸರಿಯಾದ ತೂತು ಹಾಕಬೇಕು. ತೂತು ದೊಡ್ಡದಾದರೆ ಬಡಿದಾಗ ಮೊಳೆ ಚರ್ಮದ ಒಳಗೇ ಬಾಗುತ್ತದೆ. ಬಿಲ್ಲೆಯನ್ನು ಚರ್ಮಕ್ಕೆ ಒತ್ತಿ ಕೂರಿಸಿದ ಮೇಲೆ, ಸುಮಾರು 2 ಮಿಲಿಮೀಟರ್ ಬಿಟ್ಟು ಹೆಚ್ಚಿನ ಮೊಳೆ ಕತ್ತರಿಸಬೇಕು. ಆಮೇಲೆ ಸುತ್ತಿಗೆಯ ಗುಂಡು ಮುಖದಿಂದ ಸುತ್ತಲೂ ಸಣ್ಣಗೆ ತಟ್ಟುತ್ತಾ ತುದಿಯನ್ನು ಹರಡಬೇಕು. ಒಂದೇ ಪೆಟ್ಟಿಗೆ ಮುಗಿಸಲು ಹೋದರೆ ಕೆಡುತ್ತದೆ.

ಎಲ್ಲಿ ಹೊಡೆಯಬೇಕು ಅನ್ನುವುದೇ ಇದರಲ್ಲಿ ನಿಜವಾದ ವಿದ್ಯೆ. ಒರೆಯ ಬಾಯಿ, ಬೆಲ್ಟಿಗೆ ತೂರಿಸುವ ಕುಣಿಕೆಯ ಬುಡ, ಬಾರು ಕೂಡುವ ಜಾಗ, ಹೀಗೆ ಎಳೆತ ಬೀಳುವ ಕಡೆ ಮಾತ್ರ ರಿವೆಟ್. ಉಳಿದದ್ದೆಲ್ಲ ಹೊಲಿಗೆ. ಅಂಚಿಗೆ ತೀರಾ ಹತ್ತಿರ ಹೊಡೆದರೆ ಚರ್ಮವೇ ಸೀಳುತ್ತದೆ. ನಮ್ಮ ಮಳೆಗೆ ಕಬ್ಬಿಣದ ಮೊಳೆಯಂತೂ ಬೇಡವೇ ಬೇಡ. ಅದು ತುಕ್ಕು ಹಿಡಿಯುತ್ತದೆ, ಜೊತೆಗೆ ತೊಗಟೆಯಲ್ಲಿ ಹದ ಮಾಡಿದ ಚರ್ಮದ ಒಗರಿಗೆ ಕಬ್ಬಿಣ ತಾಗಿದರೆ ಸುತ್ತ ಕಪ್ಪು ಕಲೆ ಬೀಳುತ್ತದೆ. ತಾಮ್ರ, ಹಿತ್ತಾಳೆಯೇ ಸರಿ.

ಮೂರು ಸಲ ಕೆಡಿಸಿ ಕಲಿತದ್ದು

ಬ್ಯಾಗ್ ರಿಪೇರಿಯಾದ ಮೇಲೆ ಅಪ್ಪನ ಚಿಗುರು ಕತ್ತರಿಗೆ ಒಂದು ಒರೆ ಮಾಡುವ ಹುಚ್ಚು ಹತ್ತಿತು. ಚರ್ಮವನ್ನು ಒದ್ದೆ ಮಾಡಿ, ಆಯುಧದ ಮೇಲೆ ಒತ್ತಿ, ಅದೇ ಆಕಾರಕ್ಕೆ ಒಣಗಿಸುವ ವಿಧಾನ ಇದೆ. ನೋಡಲು ಸುಲಭ ಅನ್ನಿಸುತ್ತದೆ.

ಮೊದಲ ಸಲ ಹಳೆಯ ಹ್ಯಾಂಡ್‌ಬ್ಯಾಗಿನ ಚರ್ಮ ನೆನೆಸಿದೆ. ಎಷ್ಟು ಒತ್ತಿದರೂ ಒಣಗಿದ ಮೇಲೆ ಮತ್ತೆ ಮೆತ್ತಗೆ ಚಪ್ಪಟೆಯಾಯಿತು. ಅಜ್ಜನಿಗೆ ತೋರಿಸಿದರೆ ನಕ್ಕರು. ಅದು ಕ್ರೋಮ್ ಎಂಬ ರಾಸಾಯನಿಕದಲ್ಲಿ ಹದ ಮಾಡಿದ ಚರ್ಮ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಚರ್ಮ ಅದೇ. ಮೆತ್ತಗಿರುತ್ತದೆ, ಆಕಾರ ಹಿಡಿಯುವುದಿಲ್ಲ. ಆಕಾರ ಹಿಡಿಯಬೇಕಾದರೆ ಮರದ ತೊಗಟೆ, ಅಳಲೆಕಾಯಿಯಂಥವುಗಳಲ್ಲಿ ಹದ ಮಾಡಿದ ಚರ್ಮವೇ ಬೇಕು. ಅದೂ ಒರೆಗಾದರೆ 3 ಮಿಲಿಮೀಟರಿಗೆ ಕಡಿಮೆ ಇಲ್ಲದ್ದು.

ಎರಡನೇ ಸಲ ಸರಿಯಾದ ಚರ್ಮ ತರಿಸಿದೆ. ಮಳೆಗಾಲ, ಬಿಸಿಲಿಲ್ಲ. ಬಟ್ಟೆ ಒಣಗಿಸುವ ಹಾಗೆ ಅಗ್ಗಿಷ್ಟಿಕೆಯ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಮುದುಡಿ, ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಒದ್ದೆ ಚರ್ಮಕ್ಕೆ ಜೋರು ಶಾಖ ತಾಗಿದರೆ ಅದರ ನಾರು ಕುಗ್ಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮೂರನೇ ಸಲ ಆಕಾರ ಚೆನ್ನಾಗಿ ಬಂತು. ಆದರೆ ಕತ್ತರಿಯ ಅಲಗು ಒಳಗಿನಿಂದ ಹೊಲಿಗೆಯ ದಾರವನ್ನೇ ಕತ್ತರಿಸಿತು. ಎರಡು ಪದರದ ನಡುವೆ ಅಂಚಿನುದ್ದಕ್ಕೂ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲಿದರೆ ಅಲಗು ಪಟ್ಟಿಗೆ ತಾಗುತ್ತದೆ, ದಾರಕ್ಕೆ ತಾಗುವುದಿಲ್ಲ. ಇದನ್ನು ನಾನು ನೋಡಿದ್ದ ಯಾವ ವಿಡಿಯೋದಲ್ಲೂ ಗಮನಿಸಿರಲಿಲ್ಲ. ಅಜ್ಜ ಒಂದೇ ಮಾತಲ್ಲಿ ಹೇಳಿದರು.

ನಾಲ್ಕನೆಯದು ಸರಿಯಾಯಿತು. ಕ್ರಮ ಇಷ್ಟು: ಚರ್ಮವನ್ನು ತಣ್ಣೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಮುಳುಗಿಸಿ. ತೆಗೆದು, ಬಣ್ಣ ಮತ್ತೆ ತಿಳಿಯಾಗಲು ಶುರುವಾಗುವ ತನಕ ಬಿಡಿ. ಕತ್ತರಿಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಇಲ್ಲದಿದ್ದರೆ ಅದಕ್ಕೆ ತುಕ್ಕು ಹಿಡಿಯುತ್ತದೆ. ಮೇಲೆ ಚರ್ಮ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಆಕಾರ ಬಿಡಿಸಿ. ಉಗುರು ತಾಗಿಸಬೇಡಿ, ಗುರುತು ಹಾಗೇ ಉಳಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲದಲ್ಲಿ ಮೂರು ದಿನ ಹಿಡಿಯಬಹುದು. ಎರಡು ಸೂಜಿ, ಒಂದೇ ದಾರ, ಎರಡೂ ಬದಿಯಿಂದ ಒಂದೇ ತೂತಿನಲ್ಲಿ ಹೊಲಿಯಿರಿ. ಹೀಗೆ ಹೊಲಿದರೆ ಒಂದು ಕಡೆ ದಾರ ತುಂಡಾದರೂ ಉಳಿದ ಹೊಲಿಗೆ ಬಿಚ್ಚುವುದಿಲ್ಲ. ದಾರಕ್ಕೆ ಜೇನುಮೇಣ ಉಜ್ಜಿ, ಅದು ನಮ್ಮ ಕಡೆ ಸಿಗುತ್ತದೆ. ಬಾಗಿದ ಕತ್ತಿಗೆ ಮಾತ್ರ ಮುಚ್ಚಿದ ಚೀಲ ಆಗುವುದಿಲ್ಲ. ಬೆನ್ನಿನ ಕಡೆ ತೆರೆದಿಟ್ಟು, ಬಾರು ಮತ್ತು ಗುಂಡಿ ಹಾಕಬೇಕು.

ಒಂದು ಎಚ್ಚರಿಕೆ. ಚರ್ಮದ ಒರೆಯಲ್ಲಿ ಮಳೆಗಾಲವಿಡೀ ಕತ್ತಿ ಇಟ್ಟು ಮರೆಯಬೇಡಿ, ಒರೆಗೆ ಬೂಷ್ಟು, ಕತ್ತಿಗೆ ತುಕ್ಕು. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಇನ್ನೊಂದು, ಮರ ಹತ್ತುವಾಗ ಜೀವ ಕಾಯುವ ಸುರಕ್ಷಾ ಬೆಲ್ಟನ್ನು ಮನೆಯಲ್ಲಿ ಹೊಲಿಯಲು ಹೋಗಬೇಡಿ. ಅದು ಪರೀಕ್ಷೆಯಾಗಿ ಬಂದದ್ದೇ ಆಗಬೇಕು. ಆಯುಧ ಹೊರುವ ಕೆಲಸಕ್ಕೆ ಮಾತ್ರ ನಮ್ಮ ಚರ್ಮ.

ಬೆಲೆ ಎಲ್ಲಿ ಹೋಗುತ್ತಿದೆ?

ಇದೇ ರಿವೆಟ್, ಇದೇ ಹೊಲಿಗೆಯನ್ನು ಬೆಂಗಳೂರಿನಲ್ಲಿ ಶನಿವಾರ ಭಾನುವಾರದ ತರಗತಿ ಮಾಡಿ, ಫೀಸು ತೆಗೆದುಕೊಂಡು ಕಲಿಸುತ್ತಾರೆ. ಸಾಫ್ಟ್‌ವೇರ್ ಕೆಲಸದವರು ಹೋಗಿ ಕಲಿತು, ತಾವು ಮಾಡಿದ ಪರ್ಸಿನ ಫೋಟೋ ಹಾಕುತ್ತಾರೆ. ಅದು ತಪ್ಪಲ್ಲ, ಸಂತೋಷವೇ. ಆದರೆ ಅಲ್ಲಿ ಅದು ಕಲೆ, ಮೂಡಿಗೆರೆ ರಸ್ತೆ ಬದಿಯಲ್ಲಿ ಅದೇ "ಏಯ್, ಬೇಗ ಹೊಲಿ" ಆಗುವುದು ಯಾಕೆ?

ಕೊಲ್ಹಾಪುರಿ ಚಪ್ಪಲಿಯ ವಿಷಯ ನೋಡಿ. ಹೆಸರು ಮಹಾರಾಷ್ಟ್ರದ್ದಾದರೂ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ತಲೆತಲಾಂತರದಿಂದ ಅದನ್ನು ಮಾಡುತ್ತಿದ್ದಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಬಗೆಯ ಚಪ್ಪಲಿಯನ್ನು, ಎಲ್ಲಿಯದೆಂದು ಹೇಳದೆ, ಫ್ಯಾಷನ್ ಶೋದಲ್ಲಿ ಹಾಕಿ ನಡೆಸಿತು. ಗಲಾಟೆಯಾದ ಮೇಲೆ, ಅದು ಭಾರತದ ಕೈಕಸುಬಿನ ಪಾದರಕ್ಷೆಯಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿಕೊಂಡಿತು. ಹೊರಗಿನವರಿಗೆ ಇದರ ಬೆಲೆ ಗೊತ್ತಿದೆ, ಗೊತ್ತಿಲ್ಲದಿರುವುದು ನಮಗೆ.

ನಮ್ಮಲ್ಲಿ 1976ರಿಂದ ಲಿಡ್ಕರ್ ಇದೆ, ಅಂದರೆ ಡಾ. ಬಾಬು ಜಗಜೀವನ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. 2023ರಲ್ಲಿ ನಟ ಧನಂಜಯ ಅದರ ರಾಯಭಾರಿಯಾದರು. ಹೆಸರು ಜನರಿಗೆ ತಲುಪಿದ್ದು ಒಳ್ಳೆಯದಾಯಿತು. ಆದರೆ ಚರ್ಮದ ಕಸುಬು ಅಂದರೆ ಶೂ, ಚಪ್ಪಲಿ, ಪರ್ಸು ಎಂಬ ಲೆಕ್ಕದಲ್ಲೇ ನಾವೆಲ್ಲ ಇದ್ದೇವೆ. ತೋಟದ ಕತ್ತಿಯ ಒರೆ, ಕತ್ತರಿಯ ಚೀಲ, ಮಷಿನ್ನಿನ ಬಾರು ಯಾರ ಪಟ್ಟಿಯಲ್ಲೂ ಇದ್ದಂತಿಲ್ಲ.

"ಮತ್ತೆ ಜಾತಿ ಕಸುಬಿಗೆ ತಳ್ಳುತ್ತೀರಾ?"

ಈ ವಿಷಯ ಎತ್ತಿದಾಗ ದಲಿತ ಸಂಘಟನೆಯಲ್ಲಿರುವ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. "ನಮ್ಮ ಹಿರಿಯರು ಇದರಿಂದ ಹೊರಗೆ ಬರಲಿಕ್ಕೆ ಎಷ್ಟು ಕಷ್ಟಪಟ್ಟರು ಗೊತ್ತಾ? ನೀನು ಈಗ ಬಂದು ಕಸುಬು ಉಳಿಸಿ ಅಂತೀಯ. ನಿನ್ನ ಮಗನನ್ನು ಕಲಿಸ್ತೀಯಾ?"

ಪ್ರಶ್ನೆ ಸರಿಯಾಗಿಯೇ ಇದೆ. ಜಾತಿ ಪದ್ಧತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಒಬ್ಬರ ಮೇಲೊಬ್ಬರನ್ನು ಇಡುತ್ತದೆ ಎಂದು ಅಂಬೇಡ್ಕರ್ ಅವರು ಬಹಳ ಹಿಂದೆಯೇ ಹೇಳಿದ್ದಾರೆ. ಹುಟ್ಟಿದ ಮನೆ ನೋಡಿ ಕಸುಬು ಕೊಡುವುದು ಅನ್ಯಾಯ. ಸಮಗಾರರ ಮಗ ಡಾಕ್ಟರಾಗಲಿ, ಮಗಳು ತಹಶೀಲ್ದಾರ್ ಆಗಲಿ. ನಾನು ಕೇಳುವುದು ಅದಕ್ಕೆ ಅಡ್ಡವಾದದ್ದಲ್ಲ. ಮನೆಯೊಳಗೆ ಕಟ್ಟಿಹಾಕಿದ್ದ ಈ ವಿದ್ಯೆಯನ್ನು ಹೊರಗೆ ತಂದು, ಗೌಡರ ಮಗ, ಶೆಟ್ಟರ ಮಗ, ಲೈನ್ ಮನೆಯ ಹುಡುಗಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಕಲಿಯುವಂತಾಗಲಿ. ಎಲ್ಲರ ಕೈಗೂ ಚರ್ಮ ತಾಗಿದ ದಿನ ಅದನ್ನು ಮುಟ್ಟುವುದು ಕೀಳು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಹೌದು, ನನ್ನ ಮಗನೂ ಕಲಿಯುತ್ತಾನೆ. ಗೆಳೆಯನಿಗೆ ಹಾಗೇ ಹೇಳಿದೆ.

12ನೇ ಶತಮಾನದ ಕಲ್ಯಾಣದಲ್ಲಿ ಮೆಟ್ಟು ಹೊಲಿಯುತ್ತಿದ್ದ ಹರಳಯ್ಯನವರೂ ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರೂ ಅನುಭವ ಮಂಟಪದಲ್ಲಿ ಎಲ್ಲರ ಸಮಕ್ಕೆ ಕೂತವರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗೆ ಕಲ್ಯಾಣವೇ ಹೊತ್ತಿ ಉರಿಯಿತು ಎಂಬ ಕಥೆ ನಮಗೆಲ್ಲ ಗೊತ್ತು. ಬಸವ ಜಯಂತಿಯಲ್ಲಿ ಭಾಷಣ ಮಾಡುತ್ತೇವೆ. ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಶೂ ಎಸೆಯುತ್ತೇವೆ.

ಸರ್ಕಾರದ ಯೋಜನೆಗಳಲ್ಲೂ ಈ ಗೋಜಲು ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರೂ ಇದ್ದಾರೆ. 5ರಿಂದ 7 ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ತನಕ ಶೇ 5ರ ಬಡ್ಡಿಯ ಸಾಲ. ಈಗಾಗಲೇ ಈ ಕೆಲಸ ಮಾಡುತ್ತಿರುವವರು ಇದನ್ನು ಖಂಡಿತ ಬಳಸಿಕೊಳ್ಳಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಆದರೆ ಇದು ಕುಟುಂಬದಿಂದ ಬಂದ ಕಸುಬು ಮಾಡುತ್ತಿರುವವರಿಗೆಂದೇ ರೂಪಿಸಿದ್ದು, ಹೊಸದಾಗಿ ಕಲಿಯಬೇಕು ಅನ್ನುವವರಿಗಲ್ಲ. ಇದು ಜಾತಿ ಕಸುಬನ್ನೇ ಗಟ್ಟಿ ಮಾಡುತ್ತದೆ ಎಂದು ಹೇಳಿ ತಮಿಳುನಾಡು ಸರ್ಕಾರ 2024ರ ನವೆಂಬರ್‌ನಲ್ಲಿ ಇದನ್ನು ಈ ರೂಪದಲ್ಲಿ ಜಾರಿ ಮಾಡುವುದಿಲ್ಲ ಎಂದಿತು. 2025ರಲ್ಲಿ ಕುಟುಂಬದ ಕಸುಬು ಎಂಬ ಷರತ್ತಿಲ್ಲದ ತನ್ನದೇ ಯೋಜನೆ ತಂದಿತು. ಕರ್ನಾಟಕವೂ ಇದರ ಬಗ್ಗೆ ಯೋಚಿಸಲಿ.

ಏನು ಮಾಡಬಹುದು?

ಒಂದು. ಮಳೆಗಾಲದಲ್ಲಿ ತರಬೇತಿ ಇಡಿ. ಅರೇಬಿಕಾ, ರೋಬಸ್ಟಾ, ಮೆಣಸು ಎಂದು ನವೆಂಬರಿನಿಂದ ಮಾರ್ಚ್ ತನಕ ಯಾರಿಗೂ ಪುರುಸೊತ್ತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ಜೋರಾದರೆ ಕೆಲಸವೇ ಇಲ್ಲದ ದಿನಗಳು ಬರುತ್ತವೆ. ಚಾರ್ಮಾಡಿ ಘಾಟ್ ಇಳಿದರೆ ಸಿಗುವ ಉಜಿರೆಯಲ್ಲಿ 1982ರಲ್ಲೇ ರುಡ್‌ಸೆಟ್ ಶುರುವಾಗಿ, ಗ್ರಾಮೀಣ ಯುವಕರಿಗೆ ಊಟ ವಸತಿ ಕೊಟ್ಟು ಸ್ವಂತ ಉದ್ಯೋಗ ಕಲಿಸುವ ದಾರಿ ತೋರಿಸಿತು. ಅದೇ ಮಾದರಿಯ ಸಂಸ್ಥೆಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಒಂದು ಊರಿನಿಂದ ಇಪ್ಪತ್ತೈದು ಜನ ಸಹಿ ಹಾಕಿ, ಚರ್ಮದ ಉಪಕರಣ ಕೆಲಸದ ಬ್ಯಾಚ್ ಬೇಕು ಎಂದು ಲಿಖಿತವಾಗಿ ಕೇಳೋಣ. ಕೇಳದೆ ಯಾರೂ ಕೊಡುವುದಿಲ್ಲ.

ಎರಡು. ಕಲಿಸಲು ದೂರದಿಂದ ಯಾರನ್ನೂ ಕರೆಸುವುದು ಬೇಡ. ನಮ್ಮ ಪೇಟೆಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹಿರಿಯರನ್ನೇ ಕರೆಯಿರಿ. ದಿನಕ್ಕೆ ತರಬೇತುದಾರರ ಪೂರ್ತಿ ಗೌರವಧನ ಕೊಡಿ. ಓದಿಲ್ಲ, ಸರ್ಟಿಫಿಕೇಟ್ ಇಲ್ಲ ಎಂಬ ನೆಪ ಬೇಡ.

ಮೂರು. ತೋಟದ ಮಾಲೀಕರೇ, ಇದು ನಿಮಗೆ. ಹತ್ತು ಕತ್ತರಿ ಕೊಳ್ಳುವಾಗ ಹತ್ತು ಒರೆಯನ್ನೂ ಊರಿನಲ್ಲೇ ಮಾಡಿಸಿ. ಕೆಲಸದವರ ಕೈಕಾಲು ಉಳಿಯುತ್ತದೆ, ಕಲಿತವರಿಗೆ ಮೊದಲ ಗಿರಾಕಿ ಸಿಕ್ಕಂತಾಗುತ್ತದೆ. ಗಿರಾಕಿ ಇಲ್ಲದೆ ಯಾವ ತರಬೇತಿಯೂ ಉಳಿಯದು. ತೊಗಟೆ ಹದದ ಚರ್ಮ ತಮಿಳುನಾಡಿನ ಈರೋಡ್, ದಿಂಡಿಗಲ್ ಕಡೆಯಿಂದ ಬರುತ್ತದೆ. ಒಬ್ಬೊಬ್ಬರೇ ತರಿಸಿದರೆ ದುಬಾರಿ, ಸಂಘದ ಮೂಲಕ ಒಟ್ಟಿಗೆ ತರಿಸಿದರೆ ಅಗ್ಗ.

ನಾಲ್ಕನೆಯದಕ್ಕೆ ಯಾರ ದುಡ್ಡೂ ಬೇಡ. ರಸ್ತೆ ಬದಿಯಲ್ಲಿ ಹೊಲಿಯುವವರನ್ನು "ಏಯ್" ಅನ್ನಬೇಡಿ. ಬೈಕಿನಿಂದ ಇಳಿಯಿರಿ. "ಅಜ್ಜ, ಇದನ್ನು ಸ್ವಲ್ಪ ನೋಡ್ತೀರಾ" ಅನ್ನಿ. ಕೈಗೆ ಕೊಡಿ, ಎಸೆಯಬೇಡಿ.

ಮೊನ್ನೆ ಅಪ್ಪನ ಕತ್ತರಿಯ ಒರೆಯನ್ನು ಅಜ್ಜನಿಗೆ ತೋರಿಸಲು ಹೋಗಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಹೊಲಿಗೆ ಸವರಿ, ಕುಣಿಕೆ ಎಳೆದು ನೋಡಿದರು.

"ಹೊಲಿಗೆ ಅಡ್ಡಿಲ್ಲ. ಈ ರಿವೆಟ್ ಅಂಚಿಗೆ ಹತ್ತಿರ ಆಯ್ತು. ಎರಡು ವರ್ಷಕ್ಕೆ ಇಲ್ಲೇ ಸೀಳುತ್ತೆ ನೋಡಿ" ಅಂದರು. ಆಮೇಲೆ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ನನ್ನ ಕಡೆ ಚಾಚಿದರು. "ಕೂತ್ಕೊಳ್ಳಿ. ಕಿತ್ತು ಮತ್ತೆ ಹೊಡೀರಿ, ನಾನು ನೋಡ್ತೀನಿ."

ಮಳೆ ಬರುತ್ತಿತ್ತು. ಟಾರ್ಪಾಲಿನ ಕೆಳಗೆ ಅವರ ಪಕ್ಕ ಕೂತು ಹೊಡೆದೆ. ಹೋಗುವವರು ಬರುವವರು ನೋಡಿಕೊಂಡೇ ಹೋದರು. ನೋಡಲಿ. ಮುಂದಿನ ಗ್ರಾಮಸಭೆಯಲ್ಲಿ ಈ ತರಬೇತಿಯ ಅರ್ಜಿಗೆ ಮೊದಲ ಸಹಿ ನನ್ನದು. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಮೊದಲ ಸಹಿ ನಿಮ್ಮದಾಗಲಿ.